ನಲವತ್ತು ನಿಮಿಷಗಳ ಮೌನಪರ್ವ

ಎಲೈ ವಾಗ್ದೇವಿಯೇ, ಸಕಲಜನಜಿಹ್ವಾಗ್ರವಾಸಿನಿಯೇ, ಬಾ, ಈ ಬಡ ಕಥನಕಾರನ ನಾಲಿಗೆಯ ಮೇಲೆ ಒಂದು ಗಳಿಗೆ ಕುಳಿತುಕೋ. ನನ್ನ ನಾಯಕನ ನಾಲಿಗೆಯ ಗೊಡವೆಗೆ ಮಾತ್ರ ಹೋಗಬೇಡ. ಅವನು ನಲವತ್ತು ನಿಮಿಷ ಬಾಯಿ ತೆರೆಯುವಂತಿಲ್ಲ, ಅವನ ಪರಾಕ್ರಮವೆಲ್ಲ ಅಡಗಿರುವುದು ಅಲ್ಲಿಯೇ. ಹಿಂದಿನ ಕಾಲದ ವೀರರು ಬಿಲ್ಲಿಗೆ ಹೆದೆಯೇರಿಸಿ ಗೆದ್ದರು, ಗದೆಯನ್ನು ಗರಗರನೆ ತಿರುಗಿಸಿ ಗೆದ್ದರು, ಏನೂ ತೋಚದಿದ್ದಾಗ ಶಾಪ ಕೊಟ್ಟು ಗೆದ್ದರು. ಇವನು ತುಟಿಗೆ ತುಟಿಯೊತ್ತಿ ಕುಳಿತು ಹೋರಾಡಿದವನು. ಇಂಥ ಯುದ್ಧವನ್ನು ಹಾಡುವುದು ಎಷ್ಟು ಕಷ್ಟವೆಂದು ಹಾಡಿದವರಿಗೇ ಗೊತ್ತು. ಆದ್ದರಿಂದ ತಾಯೇ, ಬೇಗ ಬಾ, ವಿದ್ಯಾರ್ಥಿಗಳು ಆಗಲೇ ಬಂದು ಕುಳಿತಿದ್ದಾರೆ.

ಕೃತ, ತ್ರೇತಾ, ದ್ವಾಪರಗಳು ಸಂದು, ಕಲಿಯುಗವು ತನ್ನ ಐದು ಸಾವಿರ ಚಿಲ್ಲರೆ ವರ್ಷಗಳನ್ನು ಹೇಗೋ ನೂಕಿ, ಆ ಕಲಿಯ ಹೊಟ್ಟೆಯಲ್ಲಿ ಹುಟ್ಟಿದ ಸೆಮಿಸ್ಟರ್ ಎಂಬ ಕಿರುಯುಗಗಳಲ್ಲಿ ಮೂರನೆಯದು ನಡೆಯುತ್ತಿದ್ದ ಕಾಲವದು. ತುಂಗಭದ್ರೆಗೂ ದೂರವಾದ, ಮಲಪ್ರಭೆಗೂ ದೂರವಾದ, ನಲ್ಲಿಯ ನೀರಿಗಂತೂ ಬಹುದೂರವಾದ ಒಂದು ಎರೆಬಯಲಿನಲ್ಲಿ ಹಳದಿ ಬಣ್ಣದ ವಿಶ್ವವಿದ್ಯಾಲಯವೊಂದಿತ್ತು. ಅದರ ಎರಡನೇ ಮಹಡಿಯ ಕಟ್ಟಕಡೆಯ ಕೋಣೆಯಲ್ಲಿ ಸೃಜನಶೀಲ ಬರವಣಿಗೆಯ ಸ್ನಾತಕೋತ್ತರ ವಿಭಾಗವಿತ್ತು. ಕಥೆ ಕವಿತೆ ಬರೆಯುವುದನ್ನು ಎರಡು ವರ್ಷ ಕಲಿಸಿ, ಕಲಿತಿದ್ದಾರೆಂದು ಪ್ರಮಾಣಪತ್ರ ಕೊಡುವ ಸ್ಥಳವದು. ಅಲ್ಲಿ ಹನ್ನೊಂದು ಜನ ಮಹಾರಥರು ಪ್ಲಾಸ್ಟಿಕ್ ಕುರ್ಚಿಗಳನ್ನೇ ರಥಗಳನ್ನಾಗಿ ಮಾಡಿಕೊಂಡು ಅಧ್ಯಯನಗೈಯುತ್ತಿದ್ದರು.

ಆ ಹನ್ನೊಂದರಲ್ಲಿ ಒಬ್ಬನು ಕೊಟ್ರೇಶ ನಾಗಾವಿ. ಅನವರತಕಥಾರಚನಾವ್ಯಸನಿ, ಮೆಸ್ಸಿನ ಚಪಾತಿಗಳ ಎಣಿಕೆಯಲ್ಲಿ ಅಪ್ರತಿಹತ, ನೀಲಿಗೆರೆಯಂಗಿಧಾರಿ, ಮದುವೆಯ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರಿನೆಟ್ ಊದಿದ ಹನುಮಂತಪ್ಪನ ಒಬ್ಬನೇ ಮಗ. ಇಷ್ಟೆಲ್ಲ ಬಿರುದುಗಳಿದ್ದರೂ ಆ ವೀರನ ಎದೆಯಲ್ಲಿ ಒಂದು ಬಾಣ ನಾಟಿಕೊಂಡಿತ್ತು. ಮೂರು ಸೆಮಿಸ್ಟರುಗಳಲ್ಲಿ ಅವನು ಬರೆದ ಏಳು ಕಥೆಗಳಿಗೂ ವಿಭಾಗವು ಎರಡೇ ಮಾತಿನ ತೀರ್ಪು ಕೊಟ್ಟಿತ್ತು: ‘ಸೀದಾ ಐತಿ’. ಹೊರಗಿನ ಜಗತ್ತಿನಲ್ಲಿ ಸೀದಾ ಇರುವುದು ಒಳ್ಳೆಯ ಗುಣವೇ. ರಸ್ತೆಗೂ ಒಳ್ಳೆಯದು, ಅಳಿಯನಿಗೂ ಒಳ್ಳೆಯದು. ಆ ಕೋಣೆಯೊಳಗೆ ಮಾತ್ರ ಅದು ಹೆಣದ ಮೇಲೆ ಹೊದಿಸುವ ಬಟ್ಟೆ. ಅರ್ಥವಾಗುವ ಕಥೆಗೆ ಅಲ್ಲಿ ಹೇಳುವ ಮರ್ಯಾದೆಯ ಮಾತು.

ಈಗ ಅವನ ಎಂಟನೆಯ ಕಥೆಯ ಸರದಿ. ಹೆಸರು ‘ಹಲ್ಲು’. ಹಿಂದೊಮ್ಮೆ ಒಂದು ಮದುವೆಯ ಬೆಳಿಗ್ಗೆ ಹನುಮಂತಪ್ಪನ ಮುಂದಿನ ಹಲ್ಲು ಬಿದ್ದು, ಕ್ಲಾರಿನೆಟ್ ಬಾಯಲ್ಲಿ ನಿಲ್ಲದೆ, ಅವನು ಆ ಸಂದಿಗೆ ಒಣಕೊಬ್ಬರಿಯ ಚೂರು ಸಿಕ್ಕಿಸಿಕೊಂಡು ದಿನವೆಲ್ಲ ಊದಿದ್ದನು. ಮನೆಯಲ್ಲಿ ನೂರು ಸಲ ಹೇಳಿ ನಕ್ಕ ಆ ಪ್ರಸಂಗವನ್ನೇ ಮಗ ಒಂಬತ್ತು ಪುಟಗಳಲ್ಲಿ ಬರೆದಿದ್ದನು. ಬರುವ ರವಿವಾರ ಪಟ್ಟಣದ ಸಭಾಭವನದಲ್ಲಿ ವಿಭಾಗದ ವಾರ್ಷಿಕ ಓದು. ಗುರುವಾರ ಚರ್ಚೆಯಾಗುವ ಕಥೆ ಮೆಚ್ಚುಗೆಯಾದರೆ ಅದನ್ನೇ ಅಲ್ಲಿ ಓದಿಸುವುದೆಂದು ಗುರುಗಳು ಸಾರಿದ್ದರು. ಕೊಟ್ರೇಶನು ಉತ್ಸಾಹ ತಡೆಯಲಾರದೆ ಊರಿಗೆ ಫೋನು ಮಾಡಿ, ‘ಅಪ್ಪಾ, ನಿನ್ನ ಕಥಿ ಓದ್ತೀನಿ, ಬಾ’ ಎಂದುಬಿಟ್ಟಿದ್ದನು. ಮೂವತ್ತು ವರ್ಷಗಳಲ್ಲಿ ಒಂದು ಮದುವೆಯನ್ನೂ ಒಲ್ಲೆನೆನ್ನದ ಹನುಮಂತಪ್ಪ, ರವಿವಾರದ ಬೀಗರಿಗೆ ‘ಬರಾಕ ಆಗೂದಿಲ್ರಿ, ನನ್ನ ಮಗ ಓದ್ತಾನ’ ಎಂದು ಹೇಳಿ ಕಳಿಸಿದ್ದನು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತಾಗಿತ್ತು.

ಗುರುಗಳೆಂದರೆ ಡಾಕ್ಟರ್ ಬಸವಂತಪ್ಪ ಕಲಕೋಟಿ. ವಿಮರ್ಶಾಕುಲಿಶಹಸ್ತರು, ಸ್ವತಃ ಹದಿನೇಳು ವರ್ಷಗಳಿಂದ ಒಂದೇ ಕಾದಂಬರಿಯ ಮೊದಲ ಅಧ್ಯಾಯವನ್ನು ತಿದ್ದುತ್ತಿರುವವರು. ಅವರು ಆ ಕೋಣೆಯಲ್ಲಿ ಒಂದು ಘೋರನಿಯಮವನ್ನು ಸ್ಥಾಪಿಸಿದ್ದರು, ಅದರ ಹೆಸರು ಕರ್ತೃಮೌನ. ಯಾರ ಕಥೆ ಚರ್ಚೆಗೆ ಬಂದಿದೆಯೋ ಅವರು ನಲವತ್ತು ನಿಮಿಷ ಒಂದಕ್ಷರ ಆಡಬಾರದು.

“ಕಥಿಗಾರ ಸತ್ತಾನ ಅಂತ ತಿಳ್ಕೊಳ್ರಿ. ಸತ್ತಂವ ನಡಬರಕ ಎದ್ದು ಮಾತಾಡಿದ್ರ ಬಂದ ಮಂದಿ ಓಡಿ ಹೋಗತಾರ.” ಹೀಗೆಂದು ಅವರು ಮೊದಲ ದಿನವೇ ಹೇಳಿದ್ದರು.

ಮಾತಾಡಿದರೆ ಶಿಕ್ಷೆ ಸರಳ, ಆ ಕಥೆ ಓದಿನ ಪಟ್ಟಿಯಿಂದ ಹೊರಗೆ. ಹಿಂದಿನ ವರ್ಷ ಒಬ್ಬ ಕವಿ ಮೂವತ್ತೊಂಬತ್ತನೆಯ ನಿಮಿಷದಲ್ಲಿ ‘ಅದು ಹಂಗಲ್ರಿ’ ಎಂದು ನಿಟ್ಟುಸಿರು ಬಿಟ್ಟು ಸರ್ವಸ್ವವನ್ನೂ ಕಳೆದುಕೊಂಡಿದ್ದನು. ಅವನೀಗ ತೋಟಗಾರಿಕೆ ಓದುತ್ತಿದ್ದಾನೆ.

ಇನ್ನು, ಓದುಗ ಮಹಾಶಯರೇ, ಅನರ್ಥದ ಬೀಜ ಬಿದ್ದದ್ದು ಎಲ್ಲಿ ಎಂಬುದನ್ನು ಹೇಳುತ್ತೇನೆ. ಮಂಗಳವಾರ ಕೊಟ್ರೇಶನು ತನ್ನ ಒಂಬತ್ತು ಪುಟಗಳನ್ನು, ಹಾಳೆಯ ಎರಡೂ ಬದಿಗೆ ಅಚ್ಚಾದ ಐದು ಹಾಳೆಗಳನ್ನು, ಹಿಡಿದು ಗೇಟಿನ ಬಳಿಯ ಫಕೀರಪ್ಪನ ಝೆರಾಕ್ಸ್ ಅಂಗಡಿಗೆ ಹೋದನು. ಹನ್ನೊಂದು ಪ್ರತಿ ಬೇಕಾಗಿದ್ದವು, ಹತ್ತು ಸಹಪಾಠಿಗಳಿಗೆ, ಒಂದು ಗುರುಗಳಿಗೆ. ಫಕೀರಪ್ಪ ಮುಚ್ಚಳವೆತ್ತಿ ಕೇಳಿದನು:

“ಒಂದ ಕಡಿ ಸಾಕಲ್ರಿ?”

ಆ ಕ್ಷಣದಲ್ಲಿ ನಮ್ಮ ವೀರನು ಅಂಗಡಿಯಲ್ಲಿರಲಿಲ್ಲ. ದೇಹ ಅಲ್ಲಿತ್ತು, ಮನಸ್ಸು ಒಂಬತ್ತನೆಯ ಪುಟದ ಕಡೆಯ ಸಾಲಿನಲ್ಲಿ, ‘ನಕ್ಕನು’ ಎಂದರೆ ಸಾಕೋ, ‘ನಗುತ್ತ ನಿಂತನು’ ಎನ್ನಬೇಕೋ ಎಂಬ ಧರ್ಮಸಂಕಟದಲ್ಲಿ ಮುಳುಗಿತ್ತು. ‘ಹೂಂ’ ಎಂದನು. ಯಂತ್ರ ಮಿಂಚಿತು. ಒಂದು, ಮೂರು, ಐದು, ಏಳು, ಒಂಬತ್ತು, ಬೆಸ ಪುಟಗಳು ಮಾತ್ರ ಹನ್ನೊಂದು ಹನ್ನೊಂದಾಗಿ ಹೊರಬಿದ್ದವು. ಸಮ ಪುಟಗಳು ಗಾಜಿನ ಮೇಲೆ ಬೆನ್ನು ತಿರುಗಿಸಿ ಮಲಗಿಯೇ ಇದ್ದವು. ಕಥೆಗಾರನು ಬಿಸಿಬಿಸಿ ಕಾಗದಗಳನ್ನು ಎಣಿಸಿಯೂ ನೋಡದೆ ಹಂಚಿದನು. ತಾನು ಬರೆದದ್ದನ್ನು ಇನ್ನೊಮ್ಮೆ ನೋಡಿದರೆ ದೃಷ್ಟಿ ತಾಗೀತೆಂಬ ಭಯ ಬೇರೆ.

ಗುರುವಾರ ಹನ್ನೊಂದೂವರೆಗೆ ಕಲಕೋಟಿ ಗುರುಗಳು ತಮ್ಮ ಅಲಾರಾಂ ಗಡಿಯಾರಕ್ಕೆ ಕರ್ರ ಕರ್ರನೆ ಕೀಲಿ ಕೊಟ್ಟು ಮೇಜಿನ ಮಧ್ಯದಲ್ಲಿ ಪ್ರತಿಷ್ಠಾಪಿಸಿದರು. ಕೊಟ್ರೇಶನು ಗುಟುಕು ನೀರು ಕುಡಿದು ತುಟಿ ಮುಚ್ಚಿದನು. ಆಡಲಾರದ ಮಾತನ್ನು ಆ ಮಹಾಶೂರನು ಮನಸ್ಸಿನೊಳಗೇ ಗರ್ಜಿಸಿದನು, ಅದನ್ನು ಕೇಳಿಸಿಕೊಂಡವನು ನಾನೊಬ್ಬನೇ:

‘ಎಲೈ ವಿಮರ್ಶಕಾಧಮರಿರಾ, ಬನ್ನಿ. ವಿಶೇಷಣಚ್ಛೇದಕರೇ, ಅಂತ್ಯಖಂಡನಪಂಡಿತರೇ, ನಿಮ್ಮ ತೂಣೀರಗಳಲ್ಲಿರುವ ಸೀದಾಸ್ತ್ರಗಳನ್ನೆಲ್ಲ ಒಮ್ಮೆಗೇ ಬಿಡಿ. ಪರ್ವತವು ಆಲಿಕಲ್ಲಿಗೆ ಅಂಜುವುದುಂಟೇ? ಸಮುದ್ರವು ಕೊಡಪಾನಕ್ಕೆ ಹೆದರುವುದುಂಟೇ? ನಲವತ್ತು ನಿಮಿಷ ಈ ಬಾಯಿಯು ಕೋಟೆಯ ಬಾಗಿಲು; ಇದನ್ನು ತೆರೆಯಿಸಬಲ್ಲ ಮಾತು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ.’

ಹುಟ್ಟಲು ಎರಡು ನಿಮಿಷ ಬಾಕಿಯಿತ್ತು ಅಷ್ಟೇ.

ಮೊದಲು ಮೇಲೆದ್ದವನು ರಿಯಾಜ್ ನದಾಫ. ಶೂನ್ಯವಿಹಾರಿ, ನಾಲ್ಕು ಪದಗಳ ಕವಿತೆಗಳನ್ನು ಬರೆದು ಅದರಲ್ಲಿ ಎರಡನ್ನು ಹೊಡೆದುಹಾಕುವವನು. ಇಷ್ಟು ದಿನ ‘ಸೀದಾ’ ಎಂಬ ಬಾಣವನ್ನು ಎಲ್ಲರಿಗಿಂತ ಮೊದಲು ಬಿಡುತ್ತಿದ್ದವನೂ ಅವನೇ. ಕನ್ನಡಕ ತೆಗೆದನು, ಒರೆಸಿದನು, ಮತ್ತೆ ಹಾಕಿಕೊಂಡನು.

“ಸರ, ನಾ ನಿನ್ನೆ ಇದನ್ನ ಮೂರ ಸಲ ಓದಿದೆ. ಕೊಟ್ರೇಶಾ, ನೀ ಮಾತಾಡಬ್ಯಾಡ, ಆದ್ರ ಕೇಳು. ನಿನಗ ನಾ ಇಷ್ಟ ದಿನ ಅನ್ಯಾಯ ಮಾಡೀನಿ. ಮೊದಲನೇ ಪುಟದ ಕಡೀಗೆ ಅಪ್ಪ ಕನ್ನಡಿ ಮುಂದ ಬಾಯಿ ತಗೀತಾನ. ‘ಅವ್ವ ಓಡಿ ಬಂದು ಅದನ್ನು’ ಅಂತ ಪುಟ ಮುಗೀತೈತಿ. ಮುಂದಿನ ಪುಟ, ‘ಅಕ್ಕಿಯ ಡಬ್ಬಿಯೊಳಗೆ ಮುಚ್ಚಿಟ್ಟಳು.’ ಸರ, ಅವ್ವ ಅಪ್ಪನ ಬಾಯೀನ ಅಕ್ಕಿ ಡಬ್ಬ್ಯಾಗ ಮುಚ್ಚಿಟ್ಟಾಳ. ನಮ್ಮ ಮನಿ ಮನಿಯೊಳಗ ನಡಿಯೂದು ಇದs ಅಲ್ಲೇನ್ರಿ?”

ಕೋಣೆಯಲ್ಲಿ ‘ಆಹಾ’ ಎಂಬ ಸಣ್ಣ ಅಲೆಯೆದ್ದಿತು. ಕೊಟ್ರೇಶನ ಹುಬ್ಬು ಗಂಟಿಕ್ಕಿತು. ಅವ್ವ ಅಕ್ಕಿಯೊಳಗೆ ಮುಚ್ಚಿಟ್ಟದ್ದು ಬಿದ್ದ ಹಲ್ಲನ್ನು, ಅಪ್ಪನ ಬಾಯನ್ನಲ್ಲ. ಹಲ್ಲು ಬಿದ್ದದ್ದು ಎರಡನೆಯ ಪುಟದಲ್ಲಿ. ಎರಡನೆಯ ಪುಟವನ್ನು ಇವನು ಯಾಕೆ ಹಾರಿಸಿದನು?

“ಅದಕ್ಕಿಂತ ದೊಡ್ಡದು ಮುಂದ ಐತ್ರಿ,” ಎಂದನು ರಿಯಾಜ್. “ಪಟಾಕಿಗೆ ಬೆದರಿದ ಮದುಮಗನ ಕುದುರಿ ಊರ ಅಗಸಿ ಬಾಗಲದ ಕಡೆ ಓಡತೈತಿ. ‘ಕೊನೆಗೆ ಅದು’ ಅಂತ ಪುಟ ಮುಗೀತೈತಿ. ಮುಂದ ಕೇಳ್ರಿ. ‘ಬಿ.ಎಡ್. ಪಾಸಾಗಿ ಊರ ಶಾಲೆಗೇ ಮಾಸ್ತರಾಗಿ ಬಂದದ್ದು ಎಲ್ಲರಿಗೂ ಸಂತೋಷವಾಯಿತು.’ ಕುದುರಿ ಮಾಸ್ತರ್ ಆತ್ರಿ ಸರ. ಊರ ಮಂದಿಗೆ ಸಂತೋಷನೂ ಆತು. ಶಿಕ್ಷಣದ ಮ್ಯಾಲ ಇಷ್ಟು ಸಿಟ್ಟಿನ ಸಾಲು ನಾ ಎಲ್ಲೂ ಓದಿಲ್ಲ.”

ಆಗ ಕೊಟ್ರೇಶನು ಪಕ್ಕದವನ ಪ್ರತಿಯತ್ತ ಕತ್ತು ಚಾಚಿದನು. ಒಂದು. ಮೂರು. ಐದು. ಏಳು. ಒಂಬತ್ತು. ಹಾಳೆಗಳ ಹಿಂಬದಿಯೆಲ್ಲ ಹಾಲಿನಂತೆ ಬೆಳ್ಳಗಿತ್ತು. ಬಿ.ಎಡ್. ಪಾಸಾದವನು ಮದುಮಗಳ ಅಣ್ಣ. ಅವನು ನಾಲ್ಕನೆಯ ಪುಟದೊಂದಿಗೆ ಫಕೀರಪ್ಪನ ಗಾಜಿನ ಮೇಲೆ ಬೆನ್ನು ಹಾಕಿ ಮಲಗಿಬಿಟ್ಟಿದ್ದನು. ಆ ಮಹಾವೀರನ ಹೊಟ್ಟೆಯಿಂದ ಒಂದು ಕೂಗು ಹೊರಟು, ಎದೆಯನ್ನು ಹಾಯ್ದು, ಗಂಟಲನ್ನು ದಾಟಿ, ಹಲ್ಲುಗಳ ಕೋಟೆಗೆ ಬಂದು ಢೀ ಕೊಟ್ಟಿತು. ಅವನು ತುಟಿಯನ್ನು ಕಚ್ಚಿ ಹಿಡಿದನು. ಗಡಿಯಾರದಲ್ಲಿ ಇನ್ನೂ ಮೂವತ್ತೈದು ನಿಮಿಷವಿತ್ತು.

ಪುಟಸಂಖ್ಯೆಗಳಿದ್ದವಲ್ಲ, ಯಾರೂ ನೋಡಲಿಲ್ಲವೇ ಎಂದು ನೀವು ಕೇಳುತ್ತೀರಿ. ಬೇರೆ ಯಾವ ವಿಭಾಗದಲ್ಲಾದರೂ, ಒಂದರ ನಂತರ ಮೂರು ಬಂದರೆ ಎರಡೆಲ್ಲಿ ಎಂದು ಮಂದಿ ಮೇಜಿನ ಕೆಳಗೆ ಹುಡುಕುತ್ತಾರೆ. ಇವರು ಹಾಗೆ ಮಾಡುವವರೇ? ಎಲ್ಲರೂ ನೋಡಿದ್ದರು, ನೋಡಿ ಹಾಳೆಯ ಅಂಚಿನಲ್ಲಿ ಟಿಪ್ಪಣಿಯನ್ನೂ ಬರೆದುಕೊಂಡಿದ್ದರು.

“ಪುಟದ ನಂಬರ ನೋಡ್ರಿ ಸರ,” ರಿಯಾಜನು ಹಾಳೆಯನ್ನು ಮೇಲೆತ್ತಿ ತೋರಿಸಿದನು. “ಬರೇ ಬೆಸ ಸಂಖ್ಯಾ. ಜೋಡಿ ಅನ್ನೂದs ಇಲ್ಲ. ಮದುವಿ ಕಥಿಯೊಳಗ ಜೋಡಿ ಇಲ್ಲ. ಅದನ್ನ ಅಂವ ಬಾಯಿ ಬಿಟ್ಟು ಹೇಳಿಲ್ಲ, ನಂಬರದಾಗ ಹೇಳ್ಯಾನ.”

ಮುಂದೆ ನಡೆದದ್ದನ್ನು ಏನೆಂದು ವರ್ಣಿಸಲಿ. ಮೆಚ್ಚುಗೆಯೆಂಬುದು ಮುಂಗಾರಿನಂತೆ ಕೊಟ್ರೇಶನ ಮೇಲೆ ಸುರಿಯಿತು. ಐದನೆಯ ಪುಟದ ಕೊನೆಯಲ್ಲಿ ಅಜ್ಜಿ ‘ನೋಡಪಾ, ಮದುವಿ ಅಂದ್ರ’ ಎಂದು ಬಾಯಿ ತೆರೆಯುತ್ತಾಳೆ. ಏಳನೆಯ ಪುಟ ‘ಎರಡು ಕಿಲೋ ಉಳ್ಳಾಗಡ್ಡಿ, ಒಂದು ಕಟ್ಟು ಕೊತ್ತಂಬರಿ’ ಎಂದು ಆರಂಭವಾಗುತ್ತದೆ. ಅದು ಅಡಿಗೆಯವನು ಕೊಟ್ಟ ಸಾಮಾನಿನ ಪಟ್ಟಿ. ಹಿಂದಿನ ಸಾಲಿನಲ್ಲಿ ಕುಳಿತ ಒಬ್ಬಾಕೆ ಆ ಎರಡನ್ನೂ ಜೋಡಿಸಿ ಗಟ್ಟಿಯಾಗಿ ಓದಿ, ಮುಂದೆ ಓದಲಾಗದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ಮದುವೆ ಗೊತ್ತಾಗಿ ಎಂಟು ದಿನವಾಗಿತ್ತು.

ಕಲಕೋಟಿ ಗುರುಗಳೇ ಕಡೆಗೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೇಳಿದರು:

“ಮೂರು ಸೆಮಿಸ್ಟರ್ ಆತು. ಇವತ್ತು ಈ ಹುಡುಗ ಏನ ಬಿಡಬೇಕು ಅನ್ನೂದನ್ನ ಕಲತಾನ. ಬರಿಯೂದು ಯಾರಿಗೆ ಬರೂದಿಲ್ರಿ, ಬಿಡಾಕ ಬರಬೇಕು. ಹದಿನೇಳು ವರ್ಷ ಆತು, ನನಗ ಇನ್ನೂ ಬಂದಿಲ್ಲ.”

ಈ ಮಾತಿಗೆ ಕೊಟ್ರೇಶನ ಸ್ಥಿತಿ ಏನಾಯಿತೆಂದು ಹೇಳುತ್ತೇನೆ, ಮುಚ್ಚಿಡುವುದಿಲ್ಲ. ಅವನಿಗೆ ಸಂತೋಷವಾಯಿತು. ಹುಟ್ಟಿದಾರಭ್ಯ ಆಗದಷ್ಟು ಸಂತೋಷವಾಯಿತು. ಕಿವಿಗಳು ಬಿಸಿಯಾದವು. ಅಯ್ಯೋ, ಹೊಗಳಿಕೆಯೇ, ನಿನ್ನನ್ನು ಸುಳ್ಳೆಂದು ಗೊತ್ತಿದ್ದೂ ನುಂಗುವ ನಾವು ಎಂಥವರು! ಅದೇ ಹೊತ್ತಿಗೆ ಅವನ ಕೈಯಲ್ಲಿದ್ದ ಮೂಲಪ್ರತಿಯು, ಒಂಬತ್ತೂ ಪುಟಗಳುಳ್ಳದ್ದು, ಬೆವರಿನಿಂದ ಒದ್ದೆಯಾಯಿತು. ಅಪ್ಪ ಕ್ಲಾರಿನೆಟ್ ಊದುವ ಪ್ರತಿಯೊಂದು ಸಾಲೂ ಸಮ ಪುಟಗಳಲ್ಲಿತ್ತು. ಎರಡರಲ್ಲಿ ಹಲ್ಲು ಬೀಳುತ್ತದೆ. ನಾಲ್ಕರಲ್ಲಿ ಊದಿದರೆ ಬರೀ ಗಾಳಿ. ಆರರಲ್ಲಿ ಕೊಬ್ಬರಿ, ಆಮೇಲೆ ನಾದ. ಎಂಟರಲ್ಲಿ ಮದುಮಗಳನ್ನು ಕಳಿಸಿಕೊಡುವಾಗ ಊದುತ್ತ ಊದುತ್ತ ಆ ಕೊಬ್ಬರಿಯನ್ನೇ ನುಂಗಿಬಿಡುತ್ತಾನೆ. ಈ ಹೊಗಳಿಕೆಯ ಕಥೆಯಲ್ಲಿ ಅಪ್ಪ ಒಂದು ಉಸಿರೂ ಊದಿರಲಿಲ್ಲ.

ಆಗ ರಣಾಂಗಣದ ಎಡಮಗ್ಗುಲಲ್ಲಿ ಕುರ್ಚಿಯೊಂದು ಕಿರ್ರೆಂದಿತು. ದಾಕ್ಷಾಯಣಿ ಹಡಗಲಿ ಮುಂದಕ್ಕೆ ಬಾಗಿದಳು. ರಕ್ತಮಸೀಲೇಖನಿಪ್ರಹಾರಿಣಿ, ಪರಕಥಾಪ್ರಾಣಾಪಹಾರಿಣಿ, ಕೊಟ್ರೇಶನ ಪರಮವೈರಿ. ಅವನ ಒಂದನೆಯ ಕಥೆಯಿಂದ ವಿಶೇಷಣಗಳನ್ನೆಲ್ಲ ಕಿತ್ತಿದ್ದಳು, ಎರಡನೆಯದರಿಂದ ಕೊನೆಯ ಪುಟವನ್ನೇ ಕಿತ್ತಿದ್ದಳು, ಮೂರನೆಯದನ್ನು ಓದಿ ‘ಇದನ್ನ ಯಾಕ ಬರದಿ?’ ಎಂದಷ್ಟೇ ಕೇಳಿದ್ದಳು. ಅವಳು ಬಾಯಿ ತೆರೆದಳೆಂದರೆ ಕೊಟ್ರೇಶನು ಎರಡು ದಿನ ಮೆಸ್ಸಿನಲ್ಲಿ ಎರಡೇ ಚಪಾತಿ ತಿನ್ನುತ್ತಿದ್ದನು.

“ಸರ, ನನಗ ಇದು ಕಥಿ ಅನ್ನಸವಲ್ತು. ಅರ್ಧಾ ಕಥಿ ಅನ್ನಸತೈತಿ. ಹೆಸರ ‘ಹಲ್ಲು’ ಅಂತ ಐತಿ. ಹಲ್ಲೆಲ್ಲಿ?”

“ಇಲ್ಲದ್ದs ಹಲ್ಲು,” ಎಂದನು ರಿಯಾಜ್.

“ಇಲ್ಲದ್ದು ಹಲ್ಲಲ್ಲ ರಿಯಾಜಾ. ಇಲ್ಲದ್ದು ಬೊಚ್ಚಬಾಯಿ.”

ಹತ್ತು ತಲೆಗಳು ಅವಳತ್ತ ತಿರುಗಿದವು. ಅಹೋ, ಏಕಾಂಗಿಯಾಗಿ ಹೋರಾಡಿದಳು ಆ ವೀರಾಂಗನೆ. ಒಬ್ಬನು ಅನುಪಸ್ಥಿತಿಯೆಂಬ ಈಟಿಯನ್ನೆಸೆದನು. ಇನ್ನೊಬ್ಬಳು ‘ಓದುಗ ತುಂಬಿಕೊಳ್ಳಬೇಕು’ ಎಂಬ ಕವಣೆಗಲ್ಲನ್ನು ಬೀಸಿದಳು. ರಿಯಾಜನು ತನ್ನ ಬ್ರಹ್ಮಾಸ್ತ್ರವಾದ ‘ಮೌನ’ವನ್ನು ನಾಲ್ಕು ಸಲ ಪ್ರಯೋಗಿಸಿದನು, ಮೌನದ ಬಗ್ಗೆ ಅಷ್ಟು ಹೊತ್ತು ಮಾತಾಡಿದವರು ಆ ಮಹಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ದಾಕ್ಷಾಯಣಿ ಎಲ್ಲವನ್ನೂ ಕೇಳಿ, ಹಾಳೆಗಳನ್ನು ಮೇಜಿನ ಮೇಲೆ ಕುಟ್ಟಿ ಸಮ ಮಾಡಿ, ಒಂದೇ ಮಾತು ಹೇಳಿದಳು:

“ನೀವು ಹೇಳೂದೆಲ್ಲ ಇರ್ಲಿ. ಈ ಅಪ್ಪ ಬ್ಯಾಂಡಿನಂವ. ಒಂದನೇ ಪುಟದಾಗ ಬಾಯಿ ತಗದ ಮನಷ್ಯಾ ಒಂಬತ್ತನೇ ಪುಟದಾಗ ನಗಕೋತ ನಿಂತಾನ. ನಡುವ ಅಂವ ಏನ ಮಾಡಿದಾ? ಒಮ್ಮೆನೂ ಊದಿಲ್ಲಲ್ಲ. ನನಗ ಕುದುರಿ ಬ್ಯಾಡ, ಉಳ್ಳಾಗಡ್ಡಿ ಬ್ಯಾಡ. ಆ ಮನಷ್ಯಾ ಬೇಕು.”

ಕೊಟ್ರೇಶನು ಮೂಲಪ್ರತಿಯನ್ನು ಎದೆಗೊತ್ತಿಕೊಂಡನು. ಮೂರು ಸೆಮಿಸ್ಟರುಗಳಿಂದ ಶತ್ರುವೆಂದು ತಿಳಿದವಳು ತನ್ನ ಅಪ್ಪನನ್ನು ಹುಡುಕುತ್ತಿದ್ದಾಳೆ. ಹೊಗಳಿದ ಒಂಬತ್ತು ಜನರಲ್ಲಿ ಒಬ್ಬರಿಗೂ ಅಪ್ಪ ಬೇಕಾಗಿರಲಿಲ್ಲ. ಅವನು ಅವಳತ್ತ ನೋಡಿದನು. ಅವಳು ನೋಡಲಿಲ್ಲ. ನಿಯಮದ ಪ್ರಕಾರ ಅವನು ಸತ್ತವನಾಗಿದ್ದನಲ್ಲ.

“ಆತು,” ಎಂದರು ಗುರುಗಳು ಮೂವತ್ತೆಂಟನೆಯ ನಿಮಿಷದಲ್ಲಿ. “ಒಬ್ಬಾಕಿ ಬಿಟ್ಟು ಎಲ್ಲಾರೂ ಒಪ್ಪೀರಿ. ಕೊಟ್ರೇಶಾ, ರವಿವಾರ ಇದನ್ನ ಹಿಂಗs ಓದು. ಒಂದಕ್ಷರ ಸೇರಸಬ್ಯಾಡ.”

ಎರಡು ನಿಮಿಷ. ನೂರಿಪ್ಪತ್ತು ಸೆಕೆಂಡು. ಪ್ರತಿಯೊಂದು ಸೆಕೆಂಡೂ ಆನೆಯಂತೆ ಅವನ ಎದೆಯ ಮೇಲೆ ನಡೆದುಹೋಯಿತು. ಕಡೆಗೆ ಗಡಿಯಾರವು ಟ್ರಿಣ್ಣೆಂದು ಅರಚಿ, ಮೇಜಿನ ಮೇಲೆ ತಾನೇ ಕುಣಿದು, ಅಂಚಿನಿಂದ ಬೀಳುವಷ್ಟರಲ್ಲಿ ಗುರುಗಳು ಹಿಡಿದರು. ವ್ರತ ಪೂರ್ಣವಾಯಿತು. ಒಂದಕ್ಷರವೂ ಜಾರಿರಲಿಲ್ಲ. ಇಲ್ಲಿಗೆ ಯುದ್ಧ ಮುಗಿಯಿತೆಂದು ನಾನು ಮಂಗಳ ಹಾಡಬಹುದಿತ್ತು.

ಆದರೆ ಯುದ್ಧ ಆರಂಭವಾದದ್ದೇ ಆಗ. ನಲವತ್ತು ನಿಮಿಷ ಹೊರಗೆ ಬರಲು ಹಟ ಮಾಡಿದ ಮಾತು, ಬಾಗಿಲು ತೆರೆದೊಡನೆ ಹೊಸ್ತಿಲಲ್ಲಿ ಕುಳಿತುಬಿಟ್ಟಿತು. ‘ಇನ್ನ ಮಾತಾಡಪಾ’ ಎಂದರು ಗುರುಗಳು. ಕೊಟ್ರೇಶನು ಎದ್ದು ನಿಂತನು. ರಿಯಾಜನು ಪೆನ್ನು ಹಿಡಿದು, ಕಣ್ಣರಳಿಸಿ ಕೇಳಿದನು:

“ಈ ತಂತ್ರ ನಿನಗ ಹೆಂಗ ಹೊಳೀತು?”

‘ಹೊಳೀತು’ ಎಂದರೆ ಮುಗಿದಿತ್ತು. ಮೂರೇ ಅಕ್ಷರ. ಇನ್ನು ಜನ್ಮದಲ್ಲಿ ಯಾರೂ ಅವನನ್ನು ಸೀದಾ ಎನ್ನುತ್ತಿರಲಿಲ್ಲ. ರವಿವಾರ ಪಟ್ಟಣವೇ ಚಪ್ಪಾಳೆ ತಟ್ಟುತ್ತಿತ್ತು, ಮತ್ತು ಎರಡನೆಯ ಸಾಲಿನಲ್ಲಿ ಕುಳಿತ ಹನುಮಂತಪ್ಪ, ಕುದುರೆಯೊಂದು ಮಾಸ್ತರಾದ ಕಥೆಯನ್ನು ಕೇಳುತ್ತ, ಇದರಲ್ಲಿ ನಾನೆಲ್ಲಿ ಎಂದು ಹುಡುಕುತ್ತಿದ್ದನು. ಯಾರನ್ನೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಹುಡುಕುತ್ತಿದ್ದನು ಅಷ್ಟೇ; ಊರಿಗೆ ಹೋಗಿ ‘ಭಾಳ ಚಲೋ ಇತ್ತು’ ಎಂದು ಎಲ್ಲರಿಗೂ ಹೇಳುತ್ತಿದ್ದನು.

ಮಹಾವೀರನು ಎದೆ ತುಂಬ ಉಸಿರೆಳೆದುಕೊಂಡನು. ದಿಕ್ಪಾಲಕರು ಕಿವಿ ನಿಮಿರಿಸಿದರು. ನಾನೂ ಲೇಖನಿಯನ್ನು ಮಸಿಯಲ್ಲಿ ಅದ್ದಿ, ಒಂದು ದೀರ್ಘಭಾಷಣಕ್ಕೆ ಹಾಳೆ ಖಾಲಿ ಬಿಟ್ಟುಕೊಂಡೆನು. ಆಗ ಅವನು ಹೇಳಿದ್ದು ಇಷ್ಟು:

“ಸರ, ಝೆರಾಕ್ಸ್ ಒಂದ ಕಡಿ ಆಗೇತ್ರಿ.”

ರಿಯಾಜನು ಮೆಲ್ಲಗೆ ತನ್ನ ಹಾಳೆಯನ್ನು ತಿರುವಿ ಬಿಳಿಯ ಬೆನ್ನನ್ನು ಬಹಳ ಹೊತ್ತು ನೋಡಿದನು.

“ನಾ ಇದನ್ನ ಮೌನ ಅಂತ ತಿಳದಿದ್ದೆ,” ಎಂದನು.

ಮದುವೆ ಗೊತ್ತಾದವಳು ‘ಹಂಗಾರ ಉಳ್ಳಾಗಡ್ಡಿ?’ ಎಂದು ಕೇಳಿದಳು. ‘ಅಡಿಗಿ ಸಾಮಾನ’ ಎಂದನು ಕೊಟ್ರೇಶ. ಅವಳಿಗೆ ಸ್ವಲ್ಪ ಸಮಾಧಾನವಾದಂತೆ ಕಂಡಿತು.

ದಾಕ್ಷಾಯಣಿ ಎದ್ದು ಬಂದು, ಅವನ ಕೈಯಿಂದ ಮೂಲಪ್ರತಿಯನ್ನು ಕಿತ್ತುಕೊಂಡು, ನಿಂತಲ್ಲೇ ಸಮ ಪುಟಗಳನ್ನು ಗಟ್ಟಿಯಾಗಿ ಓದಿದಳು. ಗಾಳಿ ಮಾತ್ರ ಬರುವ ನಾಲ್ಕನೆಯ ಪುಟಕ್ಕೆ ಅವಳ ದನಿ ತಗ್ಗಿತು. ಕೊಬ್ಬರಿ ನುಂಗುವಲ್ಲಿಗೆ ಬಂದಾಗ ಅವಳೇ ನಕ್ಕುಬಿಟ್ಟಳು, ಓದಲು ಎರಡು ಸಲ ನಿಲ್ಲಿಸಬೇಕಾಯಿತು. ಓದು ಮುಗಿಯಿತು. ಎಲ್ಲರೂ ಗುರುಗಳ ಮುಖ ನೋಡಿದರು. ಗುರುಗಳು ಕಿಟಕಿಯ ಕಡೆ ನೋಡಿದರು.

“ಸೀದಾ ಐತಿ,” ಎಂದರು.

“ಹೌದ್ರಿ ಸರ, ಸೀದಾ ಐತಿ,” ಎಂದಳು ದಾಕ್ಷಾಯಣಿ. “ಆರನೇ ಪುಟದಾಗ ನಾಕ ಸಾಲು ಹೆಚ್ಚಿಗಿ ಅದಾವು, ಅವನ್ನ ನಾ ಆಮ್ಯಾಲ ಕಡೀತೀನಿ. ಆದ್ರ ಈಗ ಅಂವ ಊದ್ಯಾನ.”

ಮುಂದೆ ಸಂಧಿಯ ಮಾತುಕತೆ ನಡೆಯಿತು. ವೇದಿಕೆಯಲ್ಲಿ ಒಬ್ಬರಿಗೆ ಹತ್ತೇ ನಿಮಿಷ, ಒಂಬತ್ತು ಪುಟ ಹಿಡಿಯುವುದಿಲ್ಲ ಎಂದು ಗುರುಗಳು ನೆನಪಿಸಿದರು. ಹಾಗಾದರೆ ಬೆಸ ಪುಟಗಳನ್ನೇ ಓದಲಿ, ಗುಟ್ಟು ಈ ಕೋಣೆಯಲ್ಲೇ ಇರಲಿ ಎಂದು ರಿಯಾಜನು ಸೂಚಿಸಿದನು. ಒಂಬತ್ತು ಕೈಗಳು ಮೇಲೆದ್ದವು. ಹಿಂದಿನ ಸಾಲಿನಿಂದ ಯಾರೋ, ಎಷ್ಟಾದರೂ ಕುದುರೆ ಮಾಸ್ತರಾದದ್ದನ್ನು ಬಿಡಲು ಮನಸ್ಸು ಬರುವುದಿಲ್ಲ ಎಂದರು. ಅದು ಸುಳ್ಳಲ್ಲ, ನನಗೂ ಬರುವುದಿಲ್ಲ.

“ಕಥಿಗಾರ ಎದ್ದು ಕುಂತಾನಲ್ಲ, ಅಂವನ್ನs ಕೇಳ್ರಿ,” ಎಂದರು ಗುರುಗಳು.

“ಸಮ ಪುಟ ಓದ್ತೀನ್ರಿ,” ಎಂದನು ಕೊಟ್ರೇಶ.

ಅಂತೂ ರವಿವಾರ ಬಂದಿತು. ಸಭಾಭವನದಲ್ಲಿ ಮೂವತ್ತನಾಲ್ಕು ಜನರಿದ್ದರು. ಹನುಮಂತಪ್ಪ ತನ್ನಲ್ಲಿದ್ದ ಒಳ್ಳೆಯ ಬಟ್ಟೆಯೆಂದು ಬ್ಯಾಂಡಿನ ಕೆಂಪು ಕೋಟನ್ನೇ ತೊಟ್ಟು ಬಂದಿದ್ದನು. ಭುಜದ ಮೇಲೆ ಬಂಗಾರಬಣ್ಣದ ಎಳೆಗಳು ತೂಗಾಡುತ್ತಿದ್ದವು. ಅವನೇ ಮುಖ್ಯ ಅತಿಥಿಯೆಂದು ತಿಳಿದು ಸಂಘಟಕರೊಬ್ಬರು ಹಾರ ಹಾಕಲು ಹೋಗಿ ವಾಪಸು ಬಂದರು. ಕೊಟ್ರೇಶನು ಎದ್ದು ನಿಂತು, ಯಾವ ಪೀಠಿಕೆಯೂ ಇಲ್ಲದೆ, ಎರಡನೆಯ ಪುಟದ ಅರ್ಧ ಸಾಲಿನಿಂದ ಓದಲು ತೊಡಗಿದನು. ಎರಡು, ನಾಲ್ಕು, ಆರು, ಎಂಟು. ಏನೋ ಬಿಟ್ಟುಹೋಗಿದೆಯೆಂದು ಸಭೆಯಲ್ಲಿ ಹೊಸದಾಗಿ ಕೇಳುವ ಯಾರಿಗೂ ಅನ್ನಿಸಲಿಲ್ಲ. ಕೊಬ್ಬರಿ ನುಂಗುವಲ್ಲಿ ಎಲ್ಲರೂ ನಕ್ಕರು. ಹನುಮಂತಪ್ಪ ಮಾತ್ರ ನಗದೆ, ಕೇಳುವಷ್ಟು ಹೊತ್ತೂ ತೊಡೆಯ ಮೇಲೆ ಬೆರಳಾಡಿಸುತ್ತ ಕುಳಿತಿದ್ದನು.

ಸಭೆ ಮುಗಿದ ಮೇಲೆ ಭವನದ ಮೆಟ್ಟಿಲುಗಳ ಮೇಲೆ ಮಗ ಅಪ್ಪನ ಮುಂದೆ ಬಂದು ನಿಂತನು. ಗುರುಗಳೂ ರಿಯಾಜನೂ ದಾಕ್ಷಾಯಣಿಯೂ ಹಿಂದೆ ನಿಂತರು. ಇದಕ್ಕಿಂತ ದೊಡ್ಡ ವಿಮರ್ಶಕನನ್ನು ಅವರಾರೂ ಕಂಡಿರಲಿಲ್ಲ.

“ಚಲೋ ಓದಿದಿ,” ಎಂದನು ಹನುಮಂತಪ್ಪ. “ನಡುನಡುವ ಬಿಟ್ಟಿ. ಇರ್ಲಿ, ಅದು ನನಗ ಗೊತ್ತಿದ್ದದ್ದs ಐತಿ. ಆದ್ರ ತಮ್ಮಾ, ಬಿದ್ದದ್ದು ಮ್ಯಾಲಿನ ಹಲ್ಲು. ನೀ ಕೆಳಗಿಂದು ಅಂತ ಬರದೀ.”

“ಕೆಳಗಿಂದಲ್ಲೇನಪಾ?”

“ನೋಡು.”

ಹನುಮಂತಪ್ಪ ಬಿಸಿಲಿಗೆ ಮುಖವೆತ್ತಿ ಬಾಯಿ ತೆರೆದನು. ಸ್ನಾತಕೋತ್ತರ ವಿಭಾಗವು ಸಾಲಾಗಿ ಬಾಗಿ ಒಳಗೆ ಇಣುಕಿತು. ಮೇಲಿನ ಸಾಲಿನ ನಡುವೆ ಒಂದು ಹಲ್ಲಿನ ಸಂದಿ ಇತ್ತು. ಕೆಳಗಿನ ಸಾಲು, ಎಲೆಯಡಿಕೆಯ ಕೆಂಪೊಂದನ್ನು ಬಿಟ್ಟರೆ, ಗಟ್ಟಿಯಾಗಿತ್ತು.

“ಕೆಳಗಿಂದು ಹೋಗಿದ್ರ ತುಟಿ ಮಡಚಿ ಹೆಂಗರ ಊದತಿದ್ನಿ,” ಎಂದನು, ಬಾಯಿ ಅರ್ಧ ತೆರೆದುಕೊಂಡೇ. “ಕ್ಲಾರಿನೆಟ್ ಕಚ್ಚಿ ಹಿಡಿಯೂ ಮ್ಯಾಲಿಂದs ಹೋತು. ಅದಕ್ಕs ಕೊಬ್ಬರಿ ಬೇಕಾತು. ಇಲ್ಲಂದ್ರ ಕೊಬ್ಬರಿ ಯಾಕ?”

ಇಪ್ಪತ್ತೆರಡು ವರ್ಷ ಎದುರಿಗೆ ಕುಳಿತು ಉಂಡ ಮಗನು ಆ ಬಾಯನ್ನು ಸರಿಯಾಗಿ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಗುರುಗಳು ಜೇಬಿನಿಂದ ಪೆನ್ನು ತೆಗೆದುಕೊಟ್ಟರು. ಕೊಟ್ರೇಶನು ಎರಡನೆಯ ಪುಟವನ್ನು ಮೊಣಕಾಲ ಮೇಲಿಟ್ಟು, ‘ಕೆಳಗಿನ’ ಎಂಬುದನ್ನು ಹೊಡೆದು, ‘ಮೇಲಿನ’ ಎಂದು ಬರೆದನು.

ಮೂರು ಸೆಮಿಸ್ಟರುಗಳ ತಪಸ್ಸು, ನಲವತ್ತು ನಿಮಿಷಗಳ ಘೋರವ್ರತ, ಹನ್ನೊಂದು ಮಹಾರಥರ ಅಸ್ತ್ರಶಸ್ತ್ರಗಳು, ಇವೆಲ್ಲದರಿಂದ ಕನ್ನಡ ಸಾಹಿತ್ಯಕ್ಕೆ ಆದ ಬದಲಾವಣೆ ಇದೊಂದೇ ಪದ.

“ಈಗ ಓದು ಆ ಸಾಲು,” ಎಂದನು ಅಪ್ಪ. ಕೊಟ್ರೇಶನು ಓದಿದನು.

“ಹಾಂ,” ಎಂದನು ಹನುಮಂತಪ್ಪ. “ಈಗ ಇದು ನಾನು.”

ಅಷ್ಟು ಹೇಳಿ ಬಾಯಿ ಮುಚ್ಚಿ, ಕೆಂಪು ಕೋಟಿನ ಗುಂಡಿ ಹಾಕಿಕೊಂಡು, ಊರಿಗೆ ಎಷ್ಟು ಗಂಟೆಗೆ ಬಸ್ಸಿದೆಯೆಂದು ರಿಯಾಜನನ್ನು ಕೇಳಿದನು.